ಹಾಸ್ಟೆಲ್‌ನಲ್ಲಿ ಸಿಕಲ್ ಸೆಲ್ ಇರುವ ಮಗು: ರಿಪೋರ್ಟ್ ಓದೋದು ಹೇಗೆ, ದಿನಾ ಏನೇನು ನೋಡಿಕೊಳ್ಳಬೇಕು?

ಹಾಡಿ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಚ್.ಡಿ. ಕೋಟೆ ಕಡೆಯ ಆಶ್ರಮ ಶಾಲೆಯ ಹಾಸ್ಟೆಲ್ ನನ್ನ ಜವಾಬ್ದಾರಿಯಲ್ಲಿದೆ. ಸಿಕಲ್ ಸೆಲ್ ತಪಾಸಣೆಯಲ್ಲಿ ಒಂದೇ ಮನೆಯ ಅಣ್ಣ ತಂಗಿ ಇಬ್ಬರಿಗೂ ‘ಪಾಸಿಟಿವ್’ ಬಂತು. ಆಮೇಲೆ ಎಚ್‌ಪಿಎಲ್‌ಸಿ ರಿಪೋರ್ಟ್ ಕೈಗೆ ಬಂದಿದೆ, ಆದರೆ ಬಿಡಿಸಿ ಹೇಳುವವರು ಸಿಕ್ಕಿಲ್ಲ.

ಅಣ್ಣ: 10 ವರ್ಷ, 25 ಕೆ.ಜಿ., ಹಿಮೋಗ್ಲೋಬಿನ್ 7.8. ರಿಪೋರ್ಟ್‌ನಲ್ಲಿ ಎಸ್ 73, ಎಫ್ 21, ಎ2 2.8, ಎ0 2.1.
ತಂಗಿ: 8 ವರ್ಷ, ಹಿಮೋಗ್ಲೋಬಿನ್ 11.6. ಎಸ್ 36.4, ಎ0 54.8, ಎ2 3.4, ಎಫ್ 0.8.

ನನ್ನ ಪ್ರಶ್ನೆಗಳು:
1. ಇಬ್ಬರಿಗೂ ಒಂದೇ ಕಾಯಿಲೆಯೇ? ಹುಡುಗಿಗೂ ಔಷಧ ಬೇಕೇ?
2. ಹುಡುಗನಿಗೆ ದಿನಾ ಒಂದು ಹೈಡ್ರಾಕ್ಸಿಯೂರಿಯಾ 500 ಎಂ.ಜಿ. ಕ್ಯಾಪ್ಸೂಲ್ ಬರೆದಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಯಾರೋ ‘ಇದು ಕ್ಯಾನ್ಸರ್ ಮಾತ್ರೆ’ ಅಂದರಂತೆ, ಅವನ ತಾಯಿ ಹೆದರಿ ನಿಲ್ಲಿಸಿಬಿಟ್ಟಿದ್ದಾರೆ. ಏನು ಹೇಳಲಿ?
3. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಇವರಿಬ್ಬರಿಗೂ ಕೊಡಬಹುದೇ?
4. ರಾತ್ರಿ ಕೈಕಾಲು ನೋವು ಅಂತ ಹುಡುಗ ಅಳುತ್ತಾನೆ. ಆಸ್ಪತ್ರೆ 30 ಕಿ.ಮೀ. ದೂರ. ಹಾಸ್ಟೆಲ್‌ನಲ್ಲೇ ಏನು ಮಾಡಬಹುದು, ಯಾವಾಗ ಗಾಡಿ ಹತ್ತಿಸಬೇಕು?

---

ಲ್ಯಾಬ್ ಬೆಂಚು ಬರೆದದ್ದು:

ಮೇಷ್ಟ್ರೇ, ಮೊದಲನೇ ಪ್ರಶ್ನೆ ನನ್ನ ಕೆಲಸದ ವ್ಯಾಪ್ತಿಗೆ ಬರುತ್ತೆ. ಸಿಕಲ್ ಸೆಲ್ ಅಂದರೆ ‘ಎಸ್’ ಅನ್ನುವ ಬದಲಾದ ಹಿಮೋಗ್ಲೋಬಿನ್‌ನಿಂದ ಕೆಂಪು ಕಣ ಕುಡುಗೋಲಿನಂತೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುವ, ವಂಶದಿಂದ ಬರುವ ಕಾಯಿಲೆ.

ತಪಾಸಣೆ ಕ್ಯಾಂಪಿನಲ್ಲಿ ಮಾಡಿದ್ದು ಸಾಲ್ಯುಬಿಲಿಟಿ ಪರೀಕ್ಷೆ. ಬೆರಳ ತುದಿಯಿಂದ 20 ಮೈಕ್ರೋಲೀಟರ್ ರಕ್ತ ತೆಗೆದು 2 ಎಂ.ಎಲ್. ದ್ರಾವಣಕ್ಕೆ ಬಿಡ್ತಾರೆ. ಅದರಲ್ಲಿರುವ ಸಪೋನಿನ್ ಕೆಂಪು ಕಣ ಒಡೆಯುತ್ತೆ, ಡೈಥಯೋನೈಟ್ ಆಮ್ಲಜನಕ ಕಿತ್ತುಕೊಳ್ಳುತ್ತೆ. ಆಮ್ಲಜನಕ ಕಳೆದುಕೊಂಡ ಎಸ್ ಹಿಮೋಗ್ಲೋಬಿನ್ ಕರಗದೆ ಉಳಿಯುವುದರಿಂದ ದ್ರಾವಣ ಮಬ್ಬಾಗುತ್ತೆ. ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿದು ಐದು ನಿಮಿಷಕ್ಕೆ ನೋಡಿ: ಗೆರೆ ಕಂಡರೆ ನೆಗೆಟಿವ್, ಮರೆಯಾದರೆ ಪಾಸಿಟಿವ್. ರಕ್ತದಲ್ಲಿ ಎಸ್ ಇದೆಯೋ ಇಲ್ಲವೋ ಅನ್ನುವುದಷ್ಟೇ ಇದರಿಂದ ಗೊತ್ತಾಗೋದು. ವಾಹಕರಿಗೂ (ಕಾಯಿಲೆ ಇಲ್ಲದೆ ಜೀನ್ ಮಾತ್ರ ಹೊತ್ತವರು) ಪಾಸಿಟಿವ್ ಬರುತ್ತೆ, ರೋಗಿಗೂ ಪಾಸಿಟಿವ್ ಬರುತ್ತೆ. ಆರು ತಿಂಗಳೊಳಗಿನ ಕೂಸಿಗೆ ಎಫ್ ಹಿಮೋಗ್ಲೋಬಿನ್ ಜಾಸ್ತಿ ಇರುವುದರಿಂದ ಸುಳ್ಳು ನೆಗೆಟಿವ್ ಬರಬಹುದು. ರಕ್ತಹೀನತೆ ತೀರಾ ಇದ್ದರೂ ಹಾಗೇ. ಅಂಥವರಿಗೆ ರಕ್ತದ ಪ್ರಮಾಣ ಇಮ್ಮಡಿ ಮಾಡಿ ಮತ್ತೆ ನೋಡಬೇಕು.

ಈಗ ನಿಮ್ಮ ಎಚ್‌ಪಿಎಲ್‌ಸಿ ರಿಪೋರ್ಟ್. ಯಾವ ಬಗೆಯ ಹಿಮೋಗ್ಲೋಬಿನ್ ಶೇಕಡಾ ಎಷ್ಟಿದೆ ಅಂತ ಯಂತ್ರ ಇದರಲ್ಲಿ ಬಿಡಿಸಿ ತೋರಿಸುತ್ತೆ: ಎ0 ಮಾಮೂಲಿ ಬಗೆ, ಎಸ್ ಸಿಕಲ್‌ನದು, ಎಫ್ ಕೂಸಿನ ಕಾಲದ್ದು, ಎ2 ಎಲ್ಲರಲ್ಲೂ ಸ್ವಲ್ಪ ಇರುವ ಬಗೆ.

ಹುಡುಗಿಯದರಲ್ಲಿ ಎ0 ಹೆಚ್ಚು, ಎಸ್ ಕಡಿಮೆ. ಇದು ವಾಹಕ ಸ್ಥಿತಿ, ಅಂದರೆ ‘ಎಎಸ್’. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಎಸ್ ಜೀನ್ ಬಂದಿದೆ. ಇದು ಕಾಯಿಲೆ ಅಲ್ಲ, ಮುಂದೆ ಕಾಯಿಲೆಯಾಗಿ ತಿರುಗುವುದೂ ಇಲ್ಲ. ಔಷಧ ಬೇಡ. ಎ2 3.4 ಅಂತ ಯಾರಾದರೂ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ, ವಂಶದಿಂದ ಬರುವ ಇನ್ನೊಂದು ಕಾಯಿಲೆ) ಮಾತು ತೆಗೆದರೆ ಗಾಬರಿ ಬೇಡ: ಸಿಕಲ್ ವಾಹಕರಲ್ಲಿ ಎಸ್‌ನ ಒಂದು ಚೂರು ಯಂತ್ರದಲ್ಲಿ ಎ2 ಜೊತೆಗೇ ಬೀಳುವುದರಿಂದ ಆ ಅಂಕಿ ಸ್ವಲ್ಪ ಏರಿಯೇ ತೋರಿಸುತ್ತೆ.

ಹುಡುಗನದರಲ್ಲಿ ಎಸ್ 73. ಎ0 2.1 ಅಂತ ಇರುವುದು ನಿಜವಾದ ಎ ಅಲ್ಲ, ಯಂತ್ರದಲ್ಲಿ ಬೀಳುವ ಶೇಷ. ಇದು ‘ಎಸ್ಎಸ್’, ಅಂದರೆ ಕಾಯಿಲೆ. ಒಂದು ವಿಷಯ ಮಾತ್ರ ಖಚಿತ ಮಾಡಿಕೊಳ್ಳಿ: ಪರೀಕ್ಷೆಗೆ ಹಿಂದಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿದ್ದರೆ ದಾನಿಯ ಎ ಸೇರಿಕೊಂಡು ರೋಗಿಯೂ ವಾಹಕನ ಹಾಗೆ ಕಾಣಿಸಬಹುದು. ಈ ಹುಡುಗನ ಎ0 ನೋಡಿದರೆ ಹಾಗಾಗಿಲ್ಲ. ಎಸ್ ಜಾಸ್ತಿ, ಎ ಕಡಿಮೆ, ಜೊತೆಗೆ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ತೀರಾ ಕಮ್ಮಿ ಇದ್ದಿದ್ದರೆ ಸಿಕಲ್-ಬೀಟಾ ಥಲಸ್ಸೀಮಿಯಾ ಅಂತ ಅನುಮಾನಿಸಬೇಕಿತ್ತು. ಆಗ ಅಪ್ಪ ಅಮ್ಮನ ರಕ್ತವನ್ನೂ ನೋಡದೆ ತೀರ್ಮಾನಿಸೋಕಾಗಲ್ಲ.

ಎಫ್ 21 ಇರುವುದು ಒಳ್ಳೆಯ ಸುದ್ದಿ. ನಮ್ಮ ಕಡೆ ಕಾಣುವ ಅರಬ್-ಇಂಡಿಯನ್ ಬಗೆಯ ಎಸ್ ಜೀನ್ ಇರುವವರಲ್ಲಿ ಎಫ್ ಹಿಮೋಗ್ಲೋಬಿನ್ ಸಹಜವಾಗಿಯೇ ಹೆಚ್ಚು ಉಳಿದಿರುತ್ತೆ, ಅದು ಕಣ ಬಾಗುವುದನ್ನು ತಡೆಯುತ್ತೆ. ಹಾಗಂತ ‘ನಮ್ಮದು ಸೌಮ್ಯ ಕಾಯಿಲೆ’ ಅಂದುಕೊಂಡು ಚಿಕಿತ್ಸೆ ಬಿಡುವಂತಿಲ್ಲ.

ಇದು ನಮ್ಮ ಕಾಡಂಚಿಗೆ ಹೊಸದೇನಲ್ಲ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಭಾರತದಲ್ಲಿ ಮೊದಲು ಎಸ್ ಗುರುತಿಸಿದ್ದು ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲೇ. ಜೇನುಕುರುಬ, ಬೆಟ್ಟಕುರುಬ, ಎರವ, ಸೋಲಿಗರ ಹಾಡಿ-ಪೋಡುಗಳಲ್ಲಿ ಇಂದಿಗೂ ಇದೆ. ದಯವಿಟ್ಟು ಇಬ್ಬರ ಹೆಸರ ಮುಂದೆಯೂ ಒಂದೇ ‘ಪಾಸಿಟಿವ್’ ಅಂತ ರಿಜಿಸ್ಟರಿನಲ್ಲಿ ಬರೆಯಬೇಡಿ. ಎಎಸ್, ಎಸ್ಎಸ್ ಅಂತ ಬೇರೆ ಬೇರೆ ಬರೆಯಿರಿ. ಆ ಒಂದು ಪದದಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಅಂಟಿಕೊಳ್ಳುತ್ತೆ.

---

ಮಕ್ಕಳ ವಾರ್ಡು ಬರೆದದ್ದು:

ಮೇಲಿನವರು ರಿಪೋರ್ಟ್ ಚೆನ್ನಾಗಿ ಬಿಡಿಸಿದ್ದಾರೆ. ಉಳಿದದ್ದು ನಾನು ಹೇಳ್ತೀನಿ. ಇದು ಆ ಹುಡುಗನ ಡಾಕ್ಟರ ಸಲಹೆಗೆ ಬದಲಿ ಅಲ್ಲ, ಅವರ ಹತ್ತಿರ ಹೋದಾಗ ಏನು ಕೇಳಬೇಕು ಅಂತ ಗೊತ್ತಿರಲಿ.

ಕ್ಯಾಪ್ಸೂಲ್ ವಿಷಯ. ತಾಯಿಗೆ ಸುಳ್ಳು ಹೇಳಬೇಡಿ. ಹೈಡ್ರಾಕ್ಸಿಯೂರಿಯಾ ಕೆಲವು ರಕ್ತದ ಕ್ಯಾನ್ಸರ್‌ಗಳಿಗೂ ಕೊಡುವ ಔಷಧ, ಅದು ನಿಜ. ಆದರೆ 1998ರಲ್ಲೇ ಅಮೆರಿಕದಲ್ಲಿ ಸಿಕಲ್ ಸೆಲ್‌ಗೂ ಅನುಮತಿ ಸಿಕ್ಕಿದೆ. ಇಲ್ಲಿ ಅದು ಮಾಡುವ ಕೆಲಸ ಬೇರೆ: ಎಫ್ ಹಿಮೋಗ್ಲೋಬಿನ್ ಹೆಚ್ಚಿಸುತ್ತೆ. ಎಫ್ ಹೆಚ್ಚಿರುವ ಕಣ ಬಾಗೋದು, ನಾಳದಲ್ಲಿ ಸಿಕ್ಕಿಕೊಳ್ಳೋದು ಕಡಿಮೆ. ನೋವು, ಎದೆಯ ತೊಂದರೆ, ರಕ್ತ ಹಾಕಿಸುವ ಸಂದರ್ಭ ಎಲ್ಲ ಕಡಿಮೆಯಾಗುತ್ತೆ. 25 ಕೆ.ಜಿ.ಗೆ 500 ಎಂ.ಜಿ. ಅಂದರೆ ಕೆ.ಜಿ.ಗೆ 20 ಎಂ.ಜಿ., ಸರಿಯಾದ ಲೆಕ್ಕವೇ. ಕೆ.ಜಿ.ಗೆ 10ರಿಂದ ಶುರು ಮಾಡುವ ಡಾಕ್ಟರೂ ನಮ್ಮಲ್ಲಿದ್ದಾರೆ.

ಮನೆಯವರು ಸಾಮಾನ್ಯವಾಗಿ ಎಡವುವುದು ಎಲ್ಲಿ ಗೊತ್ತೇ? ಇದು ನೋವಿನ ಮಾತ್ರೆ ಅಂದುಕೊಳ್ತಾರೆ. ಹದಿನೈದು ದಿನ ನುಂಗಿಸಿ, ನೋವು ಮತ್ತೆ ಬಂದರೆ ‘ಕೆಲಸ ಮಾಡಲಿಲ್ಲ’ ಅಂತ ಬಿಡ್ತಾರೆ. ಗುಣ ಕಾಣೋಕೆ 3ರಿಂದ 6 ತಿಂಗಳು ಬೇಕು. ಆರಾಮಾಗಿದ್ದ ದಿನವೂ ನುಂಗಲೇಬೇಕು. ಶುರುವಿನಲ್ಲಿ ತಿಂಗಳಿಗೊಮ್ಮೆ, ಡೋಸ್ ನೆಲೆಗೊಂಡ ಮೇಲೆ 2-3 ತಿಂಗಳಿಗೊಮ್ಮೆ ಸಿಬಿಸಿ ರಕ್ತಪರೀಕ್ಷೆ (ರಕ್ತಕಣಗಳ ಎಣಿಕೆ) ತಪ್ಪಿಸಬಾರದು. ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) 1,250ಕ್ಕಿಂತ ಅಥವಾ ಪ್ಲೇಟ್‌ಲೆಟ್ 80,000ಕ್ಕಿಂತ ಇಳಿದರೆ ಡಾಕ್ಟರು ಸ್ವಲ್ಪ ದಿನ ನಿಲ್ಲಿಸಿ, ಏರಿದ ಮೇಲೆ ಕಡಿಮೆ ಡೋಸ್‌ನಲ್ಲಿ ಮತ್ತೆ ಶುರು ಮಾಡ್ತಾರೆ. ಅದೇ ಸಿಬಿಸಿಯಲ್ಲಿ ಎಂಸಿವಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಔಷಧ ಹೊಟ್ಟೆಗೆ ಹೋಗ್ತಿದೆ ಅಂತ ಅರ್ಥ.

ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಿ ಕೊಡಬೇಡಿ. ನುಂಗೋಕೆ ಆಗದಿದ್ದರೆ ಡಾಕ್ಟರಿಗೆ ಹೇಳಿ. ಪುಡಿ ಚೆಲ್ಲಿದರೆ ಗ್ಲೌಸ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಗರ್ಭಿಣಿ ಸಿಬ್ಬಂದಿ ಮುಟ್ಟುವುದು ಬೇಡ.

ಹಿಮೋಗ್ಲೋಬಿನ್ 7.8. ಮಾಮೂಲಿ ಕೆಂಪು ಕಣ 120 ದಿನ ಬದುಕಿದರೆ ಬಾಗಿದ ಕಣ 10ರಿಂದ 20 ದಿನಕ್ಕೇ ಸಾಯುತ್ತೆ. ಹಾಗಾಗಿ ಈ ಹುಡುಗನಿಗೆ 7.8 ಅವನ ಮಾಮೂಲಿ ಮಟ್ಟವೇ ಇರಬಹುದು. ಆರಾಮಾಗಿದ್ದಾಗಿನ ಈ ಅಂಕಿ ಬರೆದಿಟ್ಟುಕೊಳ್ಳಿ. ಬರೀ ಅಂಕಿ ನೋಡಿ ರಕ್ತ ಏರಿಸುವುದು ತಪ್ಪು, 10 ದಾಟಿಸಿದರೆ ರಕ್ತ ಗಟ್ಟಿಯಾಗಿ ಇನ್ನೊಂದು ಅಪಾಯ. ಮಾಮೂಲಿಗಿಂತ 2 ಕುಸಿದರೆ ಮಾತ್ರ ಅದು ತುರ್ತು. ಕಣ್ಣು ಸ್ವಲ್ಪ ಹಳದಿ ಇರುವುದೂ ಕಣ ಒಡೆಯುವುದರಿಂದಲೇ, ಅಂಟು ಕಾಮಾಲೆ ಅಲ್ಲ. ಕಾಮಾಲೆ ಅಂತ ನಾಟಿ ಔಷಧ ಕುಡಿಸಿ, ಪಥ್ಯದ ಹೆಸರಲ್ಲಿ ಊಟ ಕಟ್ಟಬೇಡಿ.

ಕಬ್ಬಿಣದ ಮಾತ್ರೆ. ತಂಗಿಗೆ ಬೇರೆ ಮಕ್ಕಳ ಹಾಗೇ ವಾರದ ಗುಲಾಬಿ ಮಾತ್ರೆ, 10 ವರ್ಷ ತುಂಬಿದ ಮೇಲೆ ನೀಲಿ ಮಾತ್ರೆ ಕೊಡಿ. ಅಣ್ಣನಿಗೆ ಡಾಕ್ಟರು ಹೇಳುವವರೆಗೆ ತಡೆಯಿರಿ. ಇವನ ರಕ್ತಹೀನತೆಗೆ ಕಾರಣ ಕಬ್ಬಿಣದ ಕೊರತೆ ಅಲ್ಲ. ಪದೇ ಪದೇ ರಕ್ತ ಹಾಕಿಸಿದವರಲ್ಲಿ ಕಬ್ಬಿಣ ಹೆಚ್ಚಾಗಿ ಲಿವರ್, ಹೃದಯದಲ್ಲಿ ಕೂರುತ್ತೆ. ಆದರೆ ನಮ್ಮ ಮಕ್ಕಳಲ್ಲಿ ನಿಜವಾದ ಕೊರತೆಯೂ ಇರಬಹುದು, ಅದಕ್ಕೆ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಜ್ವರ, ನೋವು ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತೆ, ಆರಾಮಾಗಿದ್ದಾಗಲೇ ಮಾಡಿಸಬೇಕು. ಫೋಲಿಕ್ ಆ್ಯಸಿಡ್ ಮಾತ್ರ ದಿನಾ ಬೇಕು, ಅದನ್ನು ಬೇರೆಯಾಗಿ ಬರೆದುಕೊಡ್ತಾರೆ. ಜಂತುಹುಳದ ಮಾತ್ರೆ ಇಬ್ಬರಿಗೂ ಕೊಡಬಹುದು.

ನೋವು ಬಂದಾಗ, 25 ಕೆ.ಜಿ. ಲೆಕ್ಕದಲ್ಲಿ:

ಮೊದಲು ಜ್ವರ ಅಳೆಯಿರಿ, ಆಮೇಲೆ ಔಷಧ. ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಅಳೆದರೆ ಜ್ವರ ಮುಚ್ಚಿಹೋಗುತ್ತೆ.

ಜ್ವರ ಇಲ್ಲದಿದ್ದರೆ ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಎಂ.ಜಿ., ಅಂದರೆ 375 ಎಂ.ಜಿ. 5 ಎಂ.ಎಲ್.ಗೆ 250 ಎಂ.ಜಿ. ಇರುವ ಸಿರಪ್‌ನಲ್ಲಿ 7.5 ಎಂ.ಎಲ್. ಆಗುತ್ತೆ. ಬಾಟಲಿ ಮೇಲಿನ ಅಂಕಿ ನೋಡದೆ ಅಳೆಯಬೇಡಿ, 5 ಎಂ.ಎಲ್.ಗೆ 125 ಎಂ.ಜಿ. ಇರುವ ಸಿರಪ್ಪೂ ಸಿಗುತ್ತೆ. 6 ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಸಾಲದಿದ್ದರೆ ಐಬುಪ್ರೊಫೆನ್ ಕೆ.ಜಿ.ಗೆ 10 ಎಂ.ಜಿ., 8 ಗಂಟೆಗೊಮ್ಮೆ, ಊಟವಾದ ಮೇಲೆ. ವಾಂತಿ ಭೇದಿ ಇದ್ದರೆ, ಉಚ್ಚೆ ಕಡಿಮೆಯಾಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಡೆಂಗಿ ಸಂಶಯವಿದ್ದರೆ ಐಬುಪ್ರೊಫೆನ್ ಬೇಡವೇ ಬೇಡ.

ನೀರು: ಮಾಮೂಲಿ ದಿನ ಕಡಿಮೆ ಅಂದರೂ 1.6 ಲೀಟರ್, ನೋವಿನ ದಿನ 2.4 ಲೀಟರ್‌ವರೆಗೆ. ಒಂದೇ ಸಲ ಕುಡಿಸಬೇಡಿ, ಗಂಟೆಗೊಂದು ಲೋಟ. ಮಜ್ಜಿಗೆ, ಅಂಬಲಿ, ಗಂಜಿ ಎಲ್ಲ ಲೆಕ್ಕಕ್ಕೆ ಬರುತ್ತೆ. ನೋವಿರುವ ಕಡೆ ಬೆಚ್ಚಗೆ ಶಾಖ ಕೊಡಿ: ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲ್‌ನಲ್ಲಿ ಸುತ್ತಿ, ಮೊದಲು ನಿಮ್ಮ ಮುಂಗೈ ಮೇಲಿಟ್ಟು ನೋಡಿ. ಐಸ್ ಇಡಲೇಬೇಡಿ, ತಣ್ಣಗಾದರೆ ನಾಳ ಸಂಕುಚಿಸಿ ಸಿಕ್ಕಿಕೊಂಡ ಕಣ ಇನ್ನೂ ಬಿಗಿಯುತ್ತೆ. ಬಿಗಿಯಾಗಿ ಕಟ್ಟು ಕಟ್ಟಿಸುವುದು, ಬರೆ ಹಾಕಿಸುವುದು ಎರಡೂ ಅಪಾಯ.

ಗಾಡಿ ಹತ್ತಿಸಬೇಕಾದ್ದು ಯಾವಾಗ: 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರಕ್ಕೆ ಬೆಳಗಾಗುವವರೆಗೆ ಕಾಯಬೇಡಿ. ಸಿಕಲ್ ಸೆಲ್‌ನಲ್ಲಿ ರಕ್ತದ ಬ್ಯಾಕ್ಟೀರಿಯಾ ಸೋಸುವ ಗುಲ್ಮ, ಅಂದರೆ ಸ್ಪ್ಲೀನ್, ಇದ್ದರೂ ಅದರ ಕೆಲಸ ಕುಂದಿರುತ್ತೆ. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಗಂಟೆಗಳಲ್ಲೇ ಕೈಮೀರುತ್ತೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು. ಎದೆನೋವು, ಏದುಸಿರು, ಕೆಮ್ಮಿನ ಜೊತೆ ಜ್ವರ ಇದ್ದರೆ ಶ್ವಾಸಕೋಶದ ನಾಳ ಕಟ್ಟಿರಬಹುದು. ಬಾಯಿ ಸೊಟ್ಟ, ಕೈ ಕಾಲು ಬಲಹೀನ, ಮಾತು ತೊದಲು, ಫಿಟ್ಸ್ ಬಂದರೆ ಅದು ಮೆದುಳಿನ ಸ್ಟ್ರೋಕ್, ಮಕ್ಕಳಿಗೂ ಆಗುತ್ತೆ. ಗಂಡುಮಕ್ಕಳಲ್ಲಿ ಜನನಾಂಗ ನೋವಿನಿಂದ ಸೆಟೆದು ಇಳಿಯದಿದ್ದರೆ ನಾಚಿಕೆಯಿಂದ ಹೇಳೋದಿಲ್ಲ, ಮೊದಲೇ ಅವನಿಗೆ ಹೇಳಿಕೊಟ್ಟಿರಿ. ನಾಲ್ಕು ಗಂಟೆ ದಾಟಿದರೆ ಶಾಶ್ವತ ಹಾನಿ. ಮೇಲಿನ ಎರಡೂ ಔಷಧಕ್ಕೆ ನೋವು ಬಗ್ಗದಿದ್ದರೂ ಹೊರಡಿ. ಅಲ್ಲಿ ಮಾರ್ಫಿನ್ ಬೇಕಾಗಬಹುದು. ‘ನಾಟಕ ಮಾಡ್ತಾನೆ’ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು, ಈ ನೋವು ಹೊರಗೆ ಊತವೂ ತೋರಿಸದೆ ಮೂಳೆಯೊಳಗೆ ಸುಡುತ್ತಿರುತ್ತೆ.

---

ಹಾಡಿ ಮೇಷ್ಟ್ರು:

ಇಬ್ಬರಿಗೂ ಕೈಮುಗಿದೆ. ಇನ್ನೆರಡು ಮಾತು. ಹುಡುಗ ಹಾಸಿಗೆ ಒದ್ದೆ ಮಾಡ್ಕೋತಾನೆ ಅಂತ ಸಂಜೆ ಏಳರ ಮೇಲೆ ನೀರು ನಿಲ್ಲಿಸಿದ್ದೀವಿ, ಅದು ಸರಿಯೇ? ಬೆಳಗಿನ ಡ್ರಿಲ್, ಆಟಕ್ಕೆ ಬಿಡಬಹುದೇ? ಮನೆಯಲ್ಲಿ ಎರಡು ವರ್ಷದ ತಮ್ಮ ಇದ್ದಾನೆ, ಇನ್ನೂ ಪರೀಕ್ಷೆ ಆಗಿಲ್ಲ.

---

ಉಪಕೇಂದ್ರದ ಅಕ್ಕ ಬರೆದದ್ದು:

ಮೇಷ್ಟ್ರೇ, ನೀರು ನಿಲ್ಲಿಸಿದ್ದನ್ನು ಇವತ್ತೇ ಬಿಡಿ. ಈ ಕಾಯಿಲೆಯಲ್ಲಿ ಮೂತ್ರಪಿಂಡಕ್ಕೆ ಉಚ್ಚೆ ಗಟ್ಟಿ ಮಾಡುವ ಶಕ್ತಿ ಹೋಗಿರುತ್ತೆ. ನೀವು ನೀರು ಕೊಡದಿದ್ದರೂ ಉಚ್ಚೆ ತಿಳಿಯಾಗಿ ಹೋಗ್ತಾನೇ ಇರುತ್ತೆ, ದೇಹ ಒಣಗಿ ನಡುರಾತ್ರಿ ನೋವು ಶುರುವಾಗುತ್ತೆ. ರಾತ್ರಿ ಅಳುವುದಕ್ಕೆ ಇದೂ ಒಂದು ಕಾರಣ ಇರಬಹುದು. ಬಾಗಿಲ ಹತ್ತಿರ ಕೆಳಗಿನ ಮಂಚ ಕೊಡಿ, ಕೈಗೊಂದು ಟಾರ್ಚ್, ಮಲಗುವ ಮುಂಚೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ ಎಬ್ಬಿಸಿ ಕಳಿಸಿ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಟ್ಟೆ. ಕ್ಲಾಸಿನಲ್ಲಿ ‘ಸರ್, ಹೊರಗೆ’ ಅಂದಾಗ ಕೇಳದೇ ಕಳಿಸಿ, ಡೆಸ್ಕ್ ಮೇಲೆ ನೀರಿನ ಬಾಟಲಿ ಇರಲಿ.

ಸ್ನಾನಕ್ಕೆ ಹಂಡೆ ನೀರು ಬಿಸಿ ಇರಬೇಕು, ವರ್ಷಪೂರ್ತಿ. ಒದ್ದೆ ತಲೆ, ಒದ್ದೆ ಬಟ್ಟೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಬೇಡಿ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಡ್ರಿಲ್ ಬೇಡ, ಬಿಸಿಲೇರಿದ ಮೇಲೆ ಆಡಲಿ. ಆಟ ನಿಲ್ಲಿಸಬೇಡಿ. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಕೂತು ನೀರು ಕುಡಿಯಲಿ, ಸುಸ್ತು ಅಂದರೆ ಬಿಡಿ. ಹಿನ್ನೀರಿನಲ್ಲಿ ಈಜು ಮಾತ್ರ ಬೇಡ. ತಂಗಿ ಎಲ್ಲರಂತೆ ಓಡಲಿ, ನೀರು ಕುಡಿದುಕೊಂಡು.

ಸೊಳ್ಳೆಪರದೆ ಕಡ್ಡಾಯ. ‘ಸಿಕಲ್ ಇದ್ದವರಿಗೆ ಮಲೇರಿಯಾ ಬರಲ್ಲ’ ಅನ್ನೋ ಮಾತು ಹಾಡಿಗಳಲ್ಲಿ ಕೇಳಿಬರುತ್ತೆ. ವಾಹಕರಿಗೆ ಮಲೇರಿಯಾ ತೀವ್ರವಾಗುವುದು ಕಡಿಮೆ ಅನ್ನುವುದಷ್ಟೇ ನಿಜ, ಎಸ್ಎಸ್ ಮಗುವಿಗೆ ಮಲೇರಿಯಾ ಬಂದರೆ ಜೀವಕ್ಕೇ ಕುತ್ತು.

ಮನೆಯ ಕೂಸಿನದು ಎಲ್ಲಕ್ಕಿಂತ ಅವಸರದ ಕೆಲಸ. ಅಪ್ಪ ಅಮ್ಮ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ, ಎರಡು ಪಾಲು ವಾಹಕ, ಒಂದು ಪಾಲು ಏನೂ ಇಲ್ಲ. ‘ಒಂದಕ್ಕೆ ಬಂತಲ್ಲ, ಮುಂದಿನ ಮೂವರು ಪಾರು’ ಅಂತ ಲೆಕ್ಕ ಹಾಕುವಂತಿಲ್ಲ, ಪ್ರತಿ ಸಲವೂ ಹೊಸದಾಗಿ ಅದೇ ಪಾಲು. ಕೂಸಿಗೂ ಎಸ್ಎಸ್ ಬಂದರೆ ಐದು ವರ್ಷ ತುಂಬುವವರೆಗೆ ಪೆನಿಸಿಲಿನ್ ವಿ ದಿನಕ್ಕೆರಡು ಸಲ: ಮೂರು ವರ್ಷದೊಳಗೆ 125 ಎಂ.ಜಿ., ಆಮೇಲೆ 250 ಎಂ.ಜಿ. ಮಾಮೂಲಿ ಲಸಿಕೆ ಜೊತೆಗೆ ನ್ಯುಮೋಕಾಕಲ್ 23 ಲಸಿಕೆಯನ್ನೂ ಡಾಕ್ಟರ ಹತ್ತಿರ ಕೇಳಿ, ಅಣ್ಣನಿಗೂ ಕೇಳಿ.

ತಾಯಿಗೆ ಗುಲ್ಮ ಮುಟ್ಟಿ ನೋಡೋದು ಕಲಿಸಿ. ಮಗು ಅಂಗಾತ ಮಲಗಿ ಮೊಣಕಾಲು ಮಡಚಿರಲಿ. ಬಲಗೈ ಬೆರಳನ್ನು ಹೊಕ್ಕುಳ ಕಡೆಯಿಂದ ಎಡ ಪಕ್ಕೆಲುಬಿನ ಕಡೆಗೆ ಮೆಲ್ಲಗೆ ಸರಿಸುತ್ತಾ ಹೋಗಬೇಕು, ಮಗು ಉಸಿರೆಳೆದಾಗ ಗಟ್ಟಿ ಅಂಚು ಬೆರಳಿಗೆ ತಾಗುತ್ತೆ. ಪಕ್ಕೆಲುಬಿನ ಅಂಚಿಂದ ಅಲ್ಲಿವರೆಗೆ ಪೊರಕೆಕಡ್ಡಿ ಹಿಡಿದು ಅಳತೆಗೆ ಮುರಿದು ಗೂಡಿನಲ್ಲಿಡಿ. ಮಗು ಬಿಳಿಚಿ, ಮಂಕಾಗಿ, ಹೊಟ್ಟೆ ಉಬ್ಬಿದ ದಿನ ಅದೇ ಕಡ್ಡಿ ಇಟ್ಟು ನೋಡಿ. ಗುಲ್ಮ ಕಡ್ಡಿ ದಾಟಿದ್ದರೆ ರಕ್ತವೆಲ್ಲ ಅಲ್ಲಿ ಮಡುಗಟ್ಟುತ್ತಿದೆ ಅಂತ, ತಕ್ಷಣ 108. ಬೇರೆಡೆ ಇದು ಐದು ವರ್ಷದೊಳಗಿನ ಕೂಸುಗಳ ತೊಂದರೆ, ನಮ್ಮ ಮಕ್ಕಳಲ್ಲಿ ಗುಲ್ಮ ದೊಡ್ಡವರಾದರೂ ಉಳಿದಿರುವುದರಿಂದ ಹತ್ತು ವರ್ಷದ ಹುಡುಗನಿಗೂ ಆಗಬಹುದು.

ಹಾಡಿಯಲ್ಲಿ ಸೋದರಿಕೆ ಸಂಬಂಧ ಹೆಚ್ಚು. ಮುಂದೆ ತಂಗಿಗೆ ಗಂಡು ನೋಡುವಾಗ ಗಂಡಿನ ಎಚ್‌ಪಿಎಲ್‌ಸಿ ಕೇಳಬೇಕು, ಬರೀ ಸಾಲ್ಯುಬಿಲಿಟಿ ಸಾಲದು. ಅವನು ಬೀಟಾ ಥಲಸ್ಸೀಮಿಯಾ ವಾಹಕನಾಗಿದ್ದರೆ ಆ ಪರೀಕ್ಷೆ ನೆಗೆಟಿವ್ ತೋರಿಸುತ್ತೆ, ಆದರೂ ಮಗುವಿಗೆ ಸಿಕಲ್-ಥಲಸ್ಸೀಮಿಯಾ ಬರಬಹುದು. ಇಬ್ಬರೂ ವಾಹಕರೇ ಆಗಿ ಮದುವೆ ಆಗಿದ್ದರೂ ದಾರಿ ಇದೆ: ಬಸಿರಿನ 11-13 ವಾರದೊಳಗೆ ಗರ್ಭದ ಪರೀಕ್ಷೆ ಮಾಡಿಸಬಹುದು. ಅದಕ್ಕೆ ತಿಂಗಳು ನಿಂತ ಕೂಡಲೇ ಆಶಾ ಅಕ್ಕನಿಗೆ ತಿಳಿಸಬೇಕು. ಈಗ ಅವಳ ಫಲಿತಾಂಶ ಅಪ್ಪ ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಬೇಡಿ. ಇನ್ನೊಂದು, ಜೀನ್ ಬಂದಿರುವುದು ಅಪ್ಪನಿಂದಲೂ ಹೌದು, ತಾಯಿಯೊಬ್ಬಳನ್ನೇ ದೂರದಂತೆ ಇಬ್ಬರನ್ನೂ ಕೂರಿಸಿ ಹೇಳಿ.

---

ಮಕ್ಕಳ ವಾರ್ಡು:

ಅಕ್ಕ ಹೇಳಿದ ಕಡ್ಡಿ ಅಳತೆ ಅಪ್ಪಟ ಉಪಯೋಗದ್ದು. ನಾನು ಸೇರಿಸೋದು ಸ್ವಲ್ಪ: ಹುಡುಗನಿಗೆ 16 ವರ್ಷದವರೆಗೆ ವರ್ಷಕ್ಕೊಮ್ಮೆ ಟಿಸಿಡಿ, ಅಂದರೆ ತಲೆಯ ರಕ್ತನಾಳದ ಡಾಪ್ಲರ್ ಸ್ಕ್ಯಾನ್. ಹರಿವಿನ ವೇಗ ಸೆಕೆಂಡಿಗೆ 200 ಸೆಂ.ಮೀ. ಮುಟ್ಟಿದ್ದರೆ ಸ್ಟ್ರೋಕ್ ತಡೆಯಲು ಕ್ರಮವಾಗಿ ರಕ್ತ ಹಾಕಬೇಕಾಗುತ್ತೆ. 10 ವರ್ಷ ಆಗಿರುವುದರಿಂದ ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆಯನ್ನೂ ಶುರು ಮಾಡಿಸಿ. ಸೊಂಟ, ತೊಡೆಸಂದಿ ನೋವಿನಿಂದ ಕುಂಟುತ್ತಿದ್ದರೆ ಎಕ್ಸ್‌ರೇ ಬೇಕು. ಮೂಳೆಮಜ್ಜೆ ಕಸಿ ಒಂದೇ ಈಗ ಕೈಗೆಟುಕುವ ಪೂರ್ತಿ ಗುಣದ ದಾರಿ. ಒಡಹುಟ್ಟಿದವರ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಜೀವಕೋಶದ ಗುರುತು) ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕಳಾದ ತಂಗಿಯೂ ದಾನಿಯಾಗಬಹುದು. ಆ ಯೋಚನೆ ಇದ್ದರೆ ಮನೆಯವರ ರಕ್ತ ಅವನಿಗೆ ಏರಿಸಬೇಡಿ.

ರಾಷ್ಟ್ರೀಯ ಸಿಕಲ್ ಸೆಲ್ ಮಿಷನ್ 2023ರ ಜುಲೈ 1ರಿಂದ ನಡೀತಿದೆ, ಅದರಲ್ಲಿ ಅವನ ಹೆಸರು ನೋಂದಾಯಿಸಿದ್ದಾರೆಯೇ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಸೆಲ್ ಸೇರಿದೆ, ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿಸಿ.

ಒಂದು ರಟ್ಟಿನ ಕಾರ್ಡಿನಲ್ಲಿ ಹೀಗೆ ಬರೆದು ಪ್ಲಾಸ್ಟಿಕ್ ಹಾಕಿಸಿ: ‘ಎಸ್ಎಸ್. ಆರಾಮಾಗಿದ್ದಾಗ ಎಚ್‌ಬಿ 7.8. ರಕ್ತದ ಗುಂಪು. ತೂಕ. ಗುಲ್ಮ ಎಷ್ಟು ಸೆಂ.ಮೀ. ಹೈಡ್ರಾಕ್ಸಿಯೂರಿಯಾ 500. ಕೊನೆಯ ಸಿಬಿಸಿ ದಿನಾಂಕ. ಹಿಂದೆ ರಕ್ತ ಹಾಕಿಸಿದ ದಿನಾಂಕ. ಜ್ವರ ಬಂದರೆ ತುರ್ತು.’ ರಾತ್ರಿ ಪಾಳಿಯ ಹೊಸ ಡಾಕ್ಟರಿಗೆ ಹತ್ತು ನಿಮಿಷ ವಿವರಿಸುವುದನ್ನು ಆ ಕಾರ್ಡು ಉಳಿಸುತ್ತೆ. ಒಂದು ಪ್ರತಿ ಹಾಸ್ಟೆಲ್‌ನಲ್ಲಿ, ಒಂದು ಅವನ ಬ್ಯಾಗಿನಲ್ಲಿ. ರಜೆಗೆ ಹಾಡಿಗೆ ಹೊರಟಾಗ ಕ್ಯಾಪ್ಸೂಲ್ ಎಣಿಸಿ ಕಳಿಸಿ, ಹದಿನೈದು ದಿನದ ರಜೆಗೆ ಇಪ್ಪತ್ತು. ಮಳೆಗೆ ರಸ್ತೆ ಕಟ್ಟಿದರೆ ಆ ಐದೇ ಕಾಪಾಡೋದು.